ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುವುದೇ? ರೋಗಕೋಶದ ಶಕ್ತಿಮೂಲಕ್ಕೇ ಕೈ ಹಾಕುವ ಹೊಸ ಚಿಕಿತ್ಸೆಗಳು

ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಹಳ್ಳಿಗಳಿಂದ ದವಾಖಾನೆಗೆ ಬರುವವರು ಇತ್ತೀಚೆಗೆ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ: "ಡಾಕ್ಟರ್ ಸಾಹೇಬ್ರ, ಕ್ಯಾನ್ಸರಿಗೆ ಸಕ್ಕರೆನ ಆಹಾರ ಅಂತ. ಸಕ್ಕರೆ, ಅನ್ನ, ರೊಟ್ಟಿ ಎಲ್ಲಾ ಬಿಟ್ರ ಅದು ಹಸಿದು ಸಾಯ್ತದಂತ. ಖರೆ ಏನ್ರಿ?" ಫೋನಿನಲ್ಲಿ ಬಂದ ವಿಡಿಯೋ ನೋಡಿ ಕೆಲವರು ಮನೆಯ ರೋಗಿಗೆ ಊಟವನ್ನೇ ಕಡಿಮೆ ಮಾಡಿಬಿಟ್ಟಿರುತ್ತಾರೆ. ಇನ್ನು ಕೆಲವರು ಆಸ್ಪತ್ರೆಯ ಚಿಕಿತ್ಸೆ ನಿಲ್ಲಿಸಿ ಬರೀ ಉಪವಾಸ ಮತ್ತು ಕಷಾಯದ ಮೇಲೆ ಇರುವ ಯೋಚನೆಯಲ್ಲಿರುತ್ತಾರೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಯಾನ್ಸರ್ ಕೋಶಗಳು ಹೆಚ್ಚು ಸಕ್ಕರೆ ಬಳಸುತ್ತವೆ ಎಂಬುದು ನಿಜ. ನಾವು ಸಕ್ಕರೆ, ರೊಟ್ಟಿ ಬಿಟ್ಟರೆ ಅವು ಸಾಯುತ್ತವೆ ಎಂಬುದು ಸುಳ್ಳು. ಈ ನಿಜ ಮತ್ತು ಈ ಸುಳ್ಳಿನ ನಡುವೆ ವೈದ್ಯ ವಿಜ್ಞಾನದ ಸುಮಾರು ನೂರು ವರ್ಷಗಳ ಕೆಲಸವಿದೆ. ಅದನ್ನು ಸ್ವಲ್ಪ ಸಮಾಧಾನದಿಂದ ತಿಳಿದುಕೊಳ್ಳೋಣ. ತಿಳಿದರೆ ಮನೆಯಲ್ಲಿ ರೋಗಿ ಇದ್ದಾಗ ತಪ್ಪು ದಾರಿ ಹಿಡಿಯುವ ಅಪಾಯ ಕಡಿಮೆ.

ಜೀವಕೋಶದ ಒಲೆ

ನಾವು ತಿಂದ ರೊಟ್ಟಿ, ಅನ್ನ ಹೊಟ್ಟೆಯಲ್ಲಿ ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಜೀವಕೋಶ ಅದನ್ನು ಎರಡು ಹಂತಗಳಲ್ಲಿ ಬಳಸುತ್ತದೆ. ಮೊದಲ ಹಂತದಲ್ಲಿ ಗ್ಲೂಕೋಸ್ ಅರ್ಧಕ್ಕೆ ಒಡೆಯುತ್ತದೆ. ಇದಕ್ಕೆ ಆಮ್ಲಜನಕ ಬೇಕಿಲ್ಲ. ಎರಡನೆಯ ಹಂತ ನಡೆಯುವುದು ಕೋಶದೊಳಗಿನ ಮೈಟೊಕಾಂಡ್ರಿಯಾ ಎಂಬ ಸಣ್ಣ ಒಲೆಗಳಲ್ಲಿ. ಅಲ್ಲಿ ನಾವು ಉಸಿರಾಡಿದ ಆಮ್ಲಜನಕದ ಸಹಾಯದಿಂದ ಅದು ಪೂರ್ತಿ ಉರಿಯುತ್ತದೆ.

ಹೀಗೆ ಹುಟ್ಟಿದ ಶಕ್ತಿ ಎಟಿಪಿ ಎಂಬ ವಸ್ತುವಿನಲ್ಲಿ ಸಂಗ್ರಹವಾಗುತ್ತದೆ. ಇದನ್ನು ಕೋಶದ ನಾಣ್ಯ ಎನ್ನಬಹುದು. ಯಾವ ಕೆಲಸ ಮಾಡಬೇಕಾದರೂ ಕೋಶ ಈ ನಾಣ್ಯ ಕೊಡಬೇಕು. ಒಂದು ಗ್ಲೂಕೋಸ್ ಅಣುವಿನಿಂದ ಮೊದಲ ಹಂತದಲ್ಲಿ ಸಿಗುವುದು ಕೇವಲ 2 ಎಟಿಪಿ. ಪೂರ್ತಿ ಉರಿದರೆ ಸುಮಾರು 30ರಿಂದ 32. ಹೊಲದಲ್ಲಿ ಜೋರಾಗಿ ದುಡಿಯುವಾಗ, ಓಡುವಾಗ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಬಂದರೆ ಮಾತ್ರ ಅವು ಮೊದಲ ಹಂತಕ್ಕೇ ನಿಂತು, ಉಳಿದದ್ದನ್ನು ಲ್ಯಾಕ್ಟಿಕ್ ಆಮ್ಲವಾಗಿ ಹೊರಹಾಕುತ್ತವೆ.

ವಾರ್‌ಬರ್ಗ್ ಕಂಡ ವಿಚಿತ್ರ

1920ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಒಟ್ಟೊ ವಾರ್‌ಬರ್ಗ್ ಕ್ಯಾನ್ಸರ್ ಗಡ್ಡೆಯ ತುಣುಕುಗಳನ್ನು ಪರೀಕ್ಷಿಸುತ್ತಿದ್ದಾಗ ಒಂದು ವಿಚಿತ್ರ ಕಂಡರು. ಆಮ್ಲಜನಕ ಬೇಕಾದಷ್ಟು ಇದ್ದರೂ ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲ ಮಾಡುತ್ತಿದ್ದವು. ಅರ್ಧ ಉರಿಯಲ್ಲಿ ಶಕ್ತಿ ಕಡಿಮೆ. ಹಾಗಾಗಿ ಅವಕ್ಕೆ ಸಹಜ ಕೋಶಕ್ಕಿಂತ ಬಹಳ ಹೆಚ್ಚು ಗ್ಲೂಕೋಸ್ ಬೇಕಾಗುತ್ತಿತ್ತು. ಇದನ್ನು ಇಂದಿಗೂ ವಾರ್‌ಬರ್ಗ್ ಪರಿಣಾಮ ಎಂದೇ ಕರೆಯುತ್ತಾರೆ. ಕೋಶದ ಉಸಿರಾಟದ ಕಿಣ್ವದ ಕುರಿತ ಸಂಶೋಧನೆಗೆ ಅವರಿಗೆ 1931ರಲ್ಲಿ ನೊಬೆಲ್ ಬಹುಮಾನ ಬಂತು.

ಮೈಟೊಕಾಂಡ್ರಿಯಾ ಕೆಟ್ಟಿರುವುದೇ ಕ್ಯಾನ್ಸರಿಗೆ ಮೂಲ ಕಾರಣ ಎಂದು ವಾರ್‌ಬರ್ಗ್ ನಂಬಿದ್ದರು. ಈ ಮಾತು ಮುಂದೆ ನಿಲ್ಲಲಿಲ್ಲ. ಹೆಚ್ಚಿನ ಕ್ಯಾನ್ಸರುಗಳಲ್ಲಿ ಮೈಟೊಕಾಂಡ್ರಿಯಾ ಕೆಲಸ ಮಾಡುತ್ತಲೇ ಇರುತ್ತದೆ ಎಂದು ನಂತರದ ಸಂಶೋಧನೆಗಳು ತೋರಿಸಿದವು. ಹಾಗಾದರೆ ಈ ದುಂದು ಏಕೆ?

ನಮ್ಮ ಕಡೆಯ ಉದಾಹರಣೆಯಿಂದಲೇ ಹೇಳುವುದಾದರೆ, ಮನೆಯಲ್ಲಿರುವ ಕಟ್ಟಿಗೆಯನ್ನೆಲ್ಲ ಒಲೆಗೆ ಹಾಕಿ ಉರಿಸಿಬಿಟ್ಟರೆ ಹೊಸ ಮನೆಗೆ ತೊಲೆ, ಜಂತಿ ಎಲ್ಲಿಂದ ಬರಬೇಕು? ಸಹಜ ಕೋಶ ಇದ್ದ ಮನೆಯಲ್ಲಿ ಅಡುಗೆ ಮಾಡಿಕೊಂಡಿರುತ್ತದೆ. ಕ್ಯಾನ್ಸರ್ ಕೋಶಕ್ಕೆ ಒಂದೇ ಚಿಂತೆ, ಒಂದು ಎರಡಾಗಬೇಕು, ಎರಡು ನಾಲ್ಕಾಗಬೇಕು. ಹೊಸ ಕೋಶ ಕಟ್ಟಲು ಡಿಎನ್‌ಎ, ಪ್ರೋಟೀನು, ಕೊಬ್ಬು ಬೇಕು. ಅರ್ಧ ಒಡೆದ ಗ್ಲೂಕೋಸಿನ ತುಂಡುಗಳು ಇದಕ್ಕೆ ಸಾಮಗ್ರಿಯಾಗುತ್ತವೆ. ಗ್ಲೂಕೋಸ್ ಒಂದೇ ಅಲ್ಲ, ಗ್ಲುಟಮಿನ್ ಎಂಬ ಅಮೈನೊ ಆಮ್ಲವನ್ನೂ ಕೊಬ್ಬನ್ನೂ ಅದು ಬಳಸಿಕೊಳ್ಳುತ್ತದೆ. ಹೊರಹಾಕಿದ ಲ್ಯಾಕ್ಟಿಕ್ ಆಮ್ಲ ಸುತ್ತಲಿನ ಜಾಗವನ್ನು ಹುಳಿಯಾಗಿಸಿ, ರೋಗದ ವಿರುದ್ಧ ಹೋರಾಡಲು ಬಂದ ನಮ್ಮ ಬಿಳಿ ರಕ್ತಕಣಗಳನ್ನು ಸುಸ್ತು ಮಾಡುತ್ತದೆ.

ಈ ತಿಳಿವಳಿಕೆಯ ಮೊದಲ ದೊಡ್ಡ ಉಪಯೋಗ ಪೆಟ್ ಸ್ಕ್ಯಾನ್. ಇದರಲ್ಲಿ ಸ್ವಲ್ಪ ವಿಕಿರಣ ಸೂಸುವ ಗ್ಲೂಕೋಸಿನಂಥ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಸಕ್ಕರೆಗೆ ಹಸಿದ ಗಡ್ಡೆ ಅದನ್ನು ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತದೆ. ಈ ಸ್ಕ್ಯಾನಿಗೆ ಮುಂಚೆ ಹಲವು ಗಂಟೆ ಉಪವಾಸ ಇರಿ, ರಕ್ತದ ಸಕ್ಕರೆ ಹಿಡಿತದಲ್ಲಿರಲಿ ಎಂದು ಹೇಳುವುದು ಇದೇ ಕಾರಣಕ್ಕೆ. ಮಿದುಳು ಕೂಡ ಗ್ಲೂಕೋಸಿನ ಮೇಲೆ ಬದುಕುವ ಅಂಗವಾದ್ದರಿಂದ ಚಿತ್ರದಲ್ಲಿ ಅದೂ ಹೊಳೆಯುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಳೆಯ ಔಷಧ, ಇದೇ ದಾರಿ

ರೋಗಕೋಶದ ಆಹಾರಕ್ಕೆ ತಡೆ ಹಾಕುವುದು ಹೊಸ ಚಿಕಿತ್ಸೆ ಎಂದು ಹೇಳಿದರೂ ಅದರ ಬೇರು ಹಳೆಯದು. ಅದರಲ್ಲಿ ನಮ್ಮ ದೇಶದವರೊಬ್ಬರ ದೊಡ್ಡ ಪಾಲಿದೆ. ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮದ್ರಾಸಿನಲ್ಲಿ ವೈದ್ಯಕೀಯ ಓದಿದರು, ಅಲ್ಲಿಯ ಆಯುರ್ವೇದ ಕಾಲೇಜಿನಲ್ಲಿ ಪಾಠ ಮಾಡಿದರು, ನಂತರ ಅಮೆರಿಕೆಗೆ ಹೋದರು. ಶಕ್ತಿಯ ನಾಣ್ಯ ಎಂದು ಮೇಲೆ ಹೇಳಿದ ಎಟಿಪಿಯನ್ನು 1929ರ ಹೊತ್ತಿಗೆ ಸ್ನಾಯುವಿನಿಂದ ಬೇರ್ಪಡಿಸಿ ತೋರಿಸಿದವರಲ್ಲಿ ಅವರೂ ಒಬ್ಬರು.

ಫೋಲಿಕ್ ಆಮ್ಲವಿಲ್ಲದೆ ಕೋಶ ಹೊಸ ಡಿಎನ್‌ಎ ಮಾಡಲಾರದು. ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲದಂತೆಯೇ ಕಾಣುವ, ಆದರೆ ಅದರ ಕೆಲಸ ಕೆಡಿಸುವ ಔಷಧ ತಯಾರಿಸಿತು. ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು, ರೋಗ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿದ್ದನ್ನು 1948ರಲ್ಲಿ ಪ್ರಕಟಿಸಿದರು. ಅದೇ ವಂಶದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

ಇನ್ನೊಂದು ಉದಾಹರಣೆ ಆಸ್ಪರಜಿನೇಸ್. ಮಕ್ಕಳ ಒಂದು ಬಗೆಯ ರಕ್ತ ಕ್ಯಾನ್ಸರಿನ ಕೋಶಗಳಿಗೆ ಆಸ್ಪರಜಿನ್ ಎಂಬ ಅಮೈನೊ ಆಮ್ಲವನ್ನು ತಾವೇ ಸಾಕಷ್ಟು ತಯಾರಿಸಿಕೊಳ್ಳಲು ಬರುವುದಿಲ್ಲ. ಅವು ರಕ್ತದಿಂದ ಎರವಲು ಪಡೆಯುತ್ತವೆ. ಈ ಇಂಜೆಕ್ಷನ್ ರಕ್ತದಲ್ಲಿನ ಆಸ್ಪರಜಿನನ್ನೇ ಒಡೆದುಹಾಕುತ್ತದೆ. ಸಹಜ ಕೋಶ ತನಗೆ ಬೇಕಾದ್ದನ್ನು ಮಾಡಿಕೊಂಡು ಉಳಿಯುತ್ತದೆ, ರೋಗಕೋಶ ಸಾಯುತ್ತದೆ. ಇಲ್ಲಿ ಗಮನಿಸಬೇಕಾದ ಪಾಠ ಒಂದಿದೆ. ರೋಗಕೋಶಕ್ಕೆ ಅನಿವಾರ್ಯವಾಗಿದ್ದು, ಸಹಜ ಕೋಶಕ್ಕೆ ಬೇರೆ ದಾರಿ ಇರುವಂಥ ಜಾಗ ಸಿಕ್ಕರೆ ಮಾತ್ರ ಈ ಚಿಕಿತ್ಸೆ ಗೆಲ್ಲುತ್ತದೆ.

ಗೆದ್ದ ಹೊಸ ಔಷಧಗಳು

ಇಂಥ ಜಾಗವೊಂದು 2008ರಲ್ಲಿ ಸಿಕ್ಕಿತು. ಕೆಲವು ಮಿದುಳಿನ ಗಡ್ಡೆಗಳಲ್ಲಿ, ನಂತರ ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ, ಶಕ್ತಿ ತಯಾರಿಕೆಗೆ ಸಂಬಂಧಿಸಿದ ಐಡಿಎಚ್ ಎಂಬ ಕಿಣ್ವದ ಜೀನ್ ಬದಲಾಗಿರುವುದು ಕಂಡುಬಂತು. ಬದಲಾದ ಕಿಣ್ವ ಸಹಜ ಕೋಶದಲ್ಲಿ ಅತ್ಯಲ್ಪವಾಗಿರುವ ವಸ್ತುವೊಂದನ್ನು ರಾಶಿಗಟ್ಟಲೆ ತಯಾರಿಸುತ್ತದೆ. ಅದರಿಂದ ಎಳೆಯ ಕೋಶಗಳು ಬಲಿಯದೆ ಬರೀ ಹೆಚ್ಚುತ್ತಾ ಹೋಗುತ್ತವೆ. ಈ ಕೆಟ್ಟ ಕಿಣ್ವವನ್ನು ಮಾತ್ರ ಹಿಡಿದು ನಿಲ್ಲಿಸುವ ಮಾತ್ರೆಗಳು ಅಮೆರಿಕದಲ್ಲಿ ರಕ್ತ ಕ್ಯಾನ್ಸರಿಗೆ 2017 ಮತ್ತು 2018ರಲ್ಲಿ ಅನುಮತಿ ಪಡೆದವು. ನಿಧಾನವಾಗಿ ಬೆಳೆಯುವ ಮಿದುಳಿನ ಗಡ್ಡೆಗೆ ವೊರಾಸಿಡೆನಿಬ್ ಎಂಬ ಮಾತ್ರೆಗೆ 2024ರಲ್ಲಿ ಅನುಮತಿ ಸಿಕ್ಕಿತು. ಗಡ್ಡೆ ಮತ್ತೆ ಬೆಳೆಯುವವರೆಗಿನ ಅವಧಿ ಬರೀ ಹುಸಿಮಾತ್ರೆ ಪಡೆದವರಲ್ಲಿ ಸುಮಾರು 11 ತಿಂಗಳಿದ್ದರೆ, ಈ ಔಷಧ ಪಡೆದವರಲ್ಲಿ ಸುಮಾರು 27 ತಿಂಗಳಿಗೂ ಮೇಲಿತ್ತು. ಆದರೆ ಗಡ್ಡೆಯಲ್ಲಿ ಆ ಜೀನ್ ಬದಲಾವಣೆ ಇದ್ದವರಿಗೆ ಮಾತ್ರ ಇದು ಕೆಲಸ ಮಾಡುತ್ತದೆ. ಎಲ್ಲ ಕ್ಯಾನ್ಸರಿಗೂ ಒಂದೇ ಮದ್ದು ಎಂಬುದಿಲ್ಲ.

ಸೋತವೂ ಉಂಟು

2021ರ ಮೇ ತಿಂಗಳು ನೆನಪಿಸಿಕೊಳ್ಳಿ. ಕೊರೊನಾದ ಎರಡನೆಯ ಅಲೆಯಲ್ಲಿ ನೀರಿಗೆ ಬೆರೆಸಿ ಕುಡಿಯುವ 2-ಡಿಜಿ ಎಂಬ ಪುಡಿಗೆ ತುರ್ತು ಅನುಮತಿ ಸಿಕ್ಕಿದ ಸುದ್ದಿ ಎಲ್ಲ ಕಡೆ ಹರಡಿತ್ತು. ಆ ವಸ್ತು ಗ್ಲೂಕೋಸಿನ ವೇಷ ಹಾಕಿದ ಮೋಸಗಾರ. ಕೋಶ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಆದರೆ ಉರಿಸಲಾರದು, ಒಲೆಯ ಬಾಯಿ ಕಟ್ಟಿಹೋಗುತ್ತದೆ.

ಕೊರೊನಾಕ್ಕಿಂತ ಎಷ್ಟೋ ವರ್ಷ ಮೊದಲೇ ಇದನ್ನು ನಮ್ಮ ದೇಶದಲ್ಲಿ ಕ್ಯಾನ್ಸರಿಗೆ ಪ್ರಯೋಗಿಸಲಾಗಿತ್ತು. ರಕ್ಷಣಾ ಇಲಾಖೆಯ ಡಿಆರ್‌ಡಿಓ ಅಡಿಯಲ್ಲಿರುವ ದೆಹಲಿಯ ಇನ್ಮಾಸ್ ಸಂಸ್ಥೆಯ ವಿಜ್ಞಾನಿಗಳು ದೆಹಲಿ ಮತ್ತು ಬೆಂಗಳೂರಿನ ವೈದ್ಯರ ಜೊತೆಗೂಡಿ ಮಿದುಳಿನ ಗಡ್ಡೆಯ 20 ರೋಗಿಗಳಿಗೆ ವಿಕಿರಣ ಚಿಕಿತ್ಸೆಗೆ ಮುಂಚೆ ಇದನ್ನು ಕುಡಿಸಿ, ಫಲಿತಾಂಶವನ್ನು 1996ರಲ್ಲಿ ಪ್ರಕಟಿಸಿದರು. ವಿಕಿರಣದಿಂದ ಪೆಟ್ಟು ತಿಂದ ಕೋಶ ತನ್ನನ್ನು ರಿಪೇರಿ ಮಾಡಿಕೊಳ್ಳಲು ಶಕ್ತಿ ಬೇಕು; ಆ ಹೊತ್ತಿನಲ್ಲಿ ಶಕ್ತಿ ಕಡಿದರೆ ಅದು ಏಳಲಾರದು ಎಂಬುದು ಇದರ ಹಿಂದಿನ ಯೋಚನೆ. ರೋಗಿಗಳು ಔಷಧವನ್ನು ತಡೆದುಕೊಂಡರು. ಮುಂದೆ ಪ್ರಮಾಣ ಹೆಚ್ಚಿಸಿಯೂ ನೋಡಿದರು. ಆದರೂ ಇದು ಕ್ಯಾನ್ಸರಿನ ರೂಢಿಯ ಚಿಕಿತ್ಸೆಯಾಗಿ ನೆಲೆಯೂರಲಿಲ್ಲ. ಯೋಚನೆ ಚೆನ್ನಾಗಿದ್ದ ಮಾತ್ರಕ್ಕೆ ಔಷಧ ಆಗುವುದಿಲ್ಲ.

ಮೆಟ್‌ಫಾರ್ಮಿನ್ ಕಥೆಯೂ ಹೀಗೆಯೇ. ಸಕ್ಕರೆ ಕಾಯಿಲೆಯ ಈ ಮಾತ್ರೆ ಇಲ್ಲದ ಓಣಿ ಇಲ್ಲ. ಇದರ ಮೂಲ ಯುರೋಪಿನ ಒಂದು ಗಿಡಮೂಲಿಕೆ. ಇದು ಮೈಟೊಕಾಂಡ್ರಿಯಾದ ಕೆಲಸವನ್ನು ಸ್ವಲ್ಪ ತಗ್ಗಿಸುತ್ತದೆ. ಇದನ್ನು ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಲ್ಲಿ ಕ್ಯಾನ್ಸರ್ ಕಡಿಮೆ ಇರಬಹುದು ಎಂದು 2005ರಲ್ಲಿ ಸ್ಕಾಟ್ಲೆಂಡಿನಿಂದ ವರದಿ ಬಂದಾಗ ಆಸೆ ಚಿಗುರಿತು. ಆಮೇಲೆ ಸ್ತನ ಕ್ಯಾನ್ಸರಿನ 3,600ಕ್ಕೂ ಹೆಚ್ಚು ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಈ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ, ರೋಗ ಮರಳುವುದನ್ನು ತಡೆಯುವುದರಲ್ಲಿ ಎರಡೂ ಗುಂಪುಗಳಲ್ಲಿ ವ್ಯತ್ಯಾಸ ಇರಲಿಲ್ಲ. ಆದ್ದರಿಂದ ಸಕ್ಕರೆ ಕಾಯಿಲೆ ಇದ್ದವರು ವೈದ್ಯರು ಹೇಳಿದಂತೆ ಅದನ್ನು ತೆಗೆದುಕೊಳ್ಳಲಿ. ಕ್ಯಾನ್ಸರಿಗೆಂದು ಪಕ್ಕದ ಮನೆಯ ಮಾತ್ರೆ ತಂದು ನುಂಗಬೇಡಿ.

ಹಸಿವಿನಿಂದ ರೋಗವೇ ಸಾಯುವುದಿಲ್ಲವೇ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸಕ್ಕರೆ, ರೊಟ್ಟಿ, ಅನ್ನ ಎಲ್ಲ ಬಿಟ್ಟರೆ ರಕ್ತದಲ್ಲಿ ಗ್ಲೂಕೋಸ್ ಇಲ್ಲದಂತೆ ಆಗುತ್ತದೆಯೇ? ಆಗುವುದಿಲ್ಲ. ವಯಸ್ಕರ ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಕೆಂಪು ರಕ್ತಕಣಗಳಲ್ಲಿ ಮೈಟೊಕಾಂಡ್ರಿಯಾವೇ ಇಲ್ಲ. ಅವು ಪೂರ್ತಿ ಗ್ಲೂಕೋಸಿನ ಮೇಲೇ ಬದುಕುತ್ತವೆ. ಇವುಗಳಿಗಾಗಿ ನಮ್ಮ ಯಕೃತ್ತು ಹಗಲು ರಾತ್ರಿ ಕಾವಲಿರುತ್ತದೆ. ನೀವು ತಿನ್ನದಿದ್ದರೆ ಅದು ಸ್ನಾಯುಗಳನ್ನು ಕರಗಿಸಿ ಆ ಪ್ರೋಟೀನಿನಿಂದ ಗ್ಲೂಕೋಸ್ ತಯಾರಿಸುತ್ತದೆ. ಅಂದರೆ ಗಡ್ಡೆಗೆ ಸಕ್ಕರೆ ಸಿಕ್ಕೇ ಸಿಗುತ್ತದೆ, ಕರಗುವುದು ರೋಗಿಯ ಮೈ.

ಕ್ಯಾನ್ಸರ್ ರೋಗಿಯ ಮೈ ಮೊದಲೇ ಸೊರಗುತ್ತಿರುತ್ತದೆ. ತೂಕ ಹಾಕಿ ನೋಡಿ. 50 ಕೆಜಿ ಇದ್ದವರು ಆರು ತಿಂಗಳಲ್ಲಿ ತಾವಾಗಿಯೇ ಎರಡೂವರೆ ಕೆಜಿಗಿಂತ ಹೆಚ್ಚು ಇಳಿದಿದ್ದರೆ ಅದು ಎಚ್ಚರಿಕೆಯ ಗಂಟೆ. ಸೊರಗಿದ ರೋಗಿ ಕಿಮೊ ತಡೆದುಕೊಳ್ಳಲಾರ, ಗಾಯ ಬೇಗ ಮಾಯುವುದಿಲ್ಲ, ಸೋಂಕು ಬೇಗ ತಗಲುತ್ತದೆ. ಕೆಲವೊಮ್ಮೆ ವೈದ್ಯರು ಚಿಕಿತ್ಸೆಯನ್ನೇ ಮುಂದೂಡಬೇಕಾಗುತ್ತದೆ.

ಕೊಬ್ಬನ್ನೇ ಹೆಚ್ಚು ತಿನ್ನುವ ಕೀಟೊ ಪಥ್ಯದ ಬಗ್ಗೆಯೂ ಕೇಳುತ್ತಾರೆ. 2018ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಪ್ರಯೋಗದಲ್ಲಿ ಈ ಪಥ್ಯ ಒಂದು ನಿರ್ದಿಷ್ಟ ಔಷಧದ ಜೊತೆ ಸೇರಿದಾಗ ಆ ಔಷಧದ ಬಲ ಹೆಚ್ಚಿಸಿತು. ಆದರೆ ಔಷಧವಿಲ್ಲದೆ ಬರೀ ಪಥ್ಯ ಮಾಡಿಸಿದಾಗ ಒಂದು ಬಗೆಯ ರಕ್ತ ಕ್ಯಾನ್ಸರ್ ಇದ್ದ ಇಲಿಗಳಲ್ಲಿ ರೋಗ ಇನ್ನೂ ಬೇಗ ಬೆಳೆಯಿತು. ಒಂದೇ ಪಥ್ಯ ಒಂದು ಕಡೆ ಸಹಾಯ, ಇನ್ನೊಂದು ಕಡೆ ಅಪಾಯ. ಹಾಗಾಗಿ ಇದು ಸಂಶೋಧಕರ ಕೈಯಲ್ಲಿರಬೇಕಾದ ವಿಷಯ, ವಿಡಿಯೋ ನೋಡಿ ಮಾಡುವಂಥದ್ದಲ್ಲ.

ಹಾಗೆಂದು ಆರೋಗ್ಯವಂತರು ಬೇಕಾದಷ್ಟು ಸಕ್ಕರೆ ತಿನ್ನಲಿ ಎಂದು ಅರ್ಥವಲ್ಲ. ಅತಿ ಸಿಹಿಯಿಂದ ಬೊಜ್ಜು, ಬೊಜ್ಜಿನಿಂದ ಹಲವು ಕ್ಯಾನ್ಸರುಗಳ ಅಪಾಯ ಹೆಚ್ಚುತ್ತದೆ. ದಿನಕ್ಕೆ ಆರು ಸಲ ಸಿಹಿ ಚಹಾ, ಬಾಟಲಿ ಪಾನೀಯ ಕಡಿಮೆ ಮಾಡುವುದು ಒಳ್ಳೆಯದೇ. ಅದು ತಡೆಗಟ್ಟುವ ಕ್ರಮ, ಚಿಕಿತ್ಸೆ ಅಲ್ಲ.

ರೋಜಾ ಮತ್ತು ರೋಗಿ

"ರೋಜಾ ಹಿಡಿದರೆ ಕ್ಯಾನ್ಸರ್ ಕೋಶ ಸಾಯುತ್ತದೆ ಎಂದು ವಿಜ್ಞಾನವೇ ಹೇಳಿದೆ" ಎಂಬ ಸಂದೇಶವೂ ಓಡಾಡುತ್ತಿದೆ. ಕೋಶ ತನ್ನೊಳಗಿನ ಕಸವನ್ನು ತಾನೇ ಸ್ವಚ್ಛ ಮಾಡಿಕೊಳ್ಳುವ ಕ್ರಿಯೆಯ ಸಂಶೋಧನೆಗೆ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ನಿಜ. ಆದರೆ ಅವರು ಕೆಲಸ ಮಾಡಿದ್ದು ಯೀಸ್ಟ್ ಕೋಶಗಳ ಮೇಲೆ. ರೋಜಾ ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂದು ಆ ಬಹುಮಾನ ಹೇಳುವುದಿಲ್ಲ. ಬೆಳೆದ ಗಡ್ಡೆಯಲ್ಲಿ ಅದೇ ಕ್ರಿಯೆ ಕೆಲವೊಮ್ಮೆ ರೋಗಕೋಶಕ್ಕೆ ಬದುಕುಳಿಯಲು ನೆರವಾಗುತ್ತದೆ ಎಂಬುದೂ ತಿಳಿದುಬಂದಿದೆ.

ರೋಜಾ ಇಬಾದತ್ತು, ಅದನ್ನು ಔಷಧವೆಂದು ಪ್ರಚಾರ ಮಾಡುವ ಅಗತ್ಯವಿಲ್ಲ. ರೋಗಿಗೆ ದೀನಿನಲ್ಲೇ ರಿಯಾಯಿತಿ ಇದೆ. ಕಿಮೊ ನಡೆಯುತ್ತಿರುವವರು, ವಾಂತಿ-ಭೇದಿ ಇರುವವರು, ತೂಕ ಇಳಿಯುತ್ತಿರುವವರು ರಮಝಾನಿಗೆ ಮೊದಲೇ ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಬೇಕು. ಖಝಾ, ಫಿದ್ಯಾ ವಿಷಯಕ್ಕೆ ಊರಿನ ಆಲಿಮರನ್ನು ಕೇಳಬೇಕು. ಮನೆಯ ಹಿರಿಯರು "ಎಲ್ಲರೂ ಹಿಡಿದಾರ, ನಾ ಒಬ್ಬಾಕಿ ಹೆಂಗ ಬಿಡ್ಲಿ" ಎಂದು ಸಂಕೋಚಪಟ್ಟರೆ ಅವರಿಗೆ ಪ್ರೀತಿಯಿಂದ ತಿಳಿಸಿ ಹೇಳುವುದು ಮಕ್ಕಳ ಕೆಲಸ.

ಯುನಾನಿ ಏನು ಮಾಡಬಲ್ಲದು, ಏನು ಮಾಡಬಾರದು

ಯುನಾನಿಯಲ್ಲಿ ಈ ರೋಗಕ್ಕೆ ಸರತಾನ್ ಎಂದು ಹೆಸರು, ಅಂದರೆ ಏಡಿ. ಗ್ರೀಕರೂ ಇದನ್ನು ಏಡಿ ಎಂದೇ ಕರೆದಿದ್ದರು. ಆಹಾರ ಹೊಟ್ಟೆಯಲ್ಲಿ, ಯಕೃತ್ತಿನಲ್ಲಿ, ರಕ್ತನಾಳಗಳಲ್ಲಿ, ಕೊನೆಗೆ ಅಂಗಾಂಗಗಳಲ್ಲಿ ಹೀಗೆ ನಾಲ್ಕು ಹಂತಗಳಲ್ಲಿ ಪಾಕವಾಗುತ್ತದೆ ಎಂದು ನಮ್ಮ ಹಕೀಮರು ಕಲಿಸಿದ್ದಾರೆ. ಅಂಗದ ಮಟ್ಟದ ಈ ಕೊನೆಯ ಹಝ್ಮ್ ಮತ್ತು ಇಂದಿನ ಕೋಶದ ಚಯಾಪಚಯ ಕೇಳಲು ಹತ್ತಿರ ಎನಿಸುತ್ತವೆ. ಆದರೆ ಇದನ್ನು ಹಿಡಿದುಕೊಂಡು "ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು" ಎನ್ನುವುದು ಸರಿಯಲ್ಲ. ಸೂಕ್ಷ್ಮದರ್ಶಕ ಇಲ್ಲದ ಕಾಲದ ಅವರಿಗೆ ಕೋಶದ ಕಲ್ಪನೆಯೇ ಇರಲಿಲ್ಲ.

ಕಲೋಂಜಿಯ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದರೊಳಗಿನ ಒಂದು ಅಂಶ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ತಡೆದಿದೆ. ಗಾಜಿನ ತಟ್ಟೆ ಬೇರೆ, ಮನುಷ್ಯನ ಮೈ ಬೇರೆ. ಅಡುಗೆಯಲ್ಲಿ ಬಳಸುವಷ್ಟು ಬಳಸಿ, ಅದನ್ನೇ ನಂಬಿ ಚಿಕಿತ್ಸೆ ಬಿಡಬೇಡಿ. ಕಿಮೊ ನಡೆಯುವಾಗ ಕುಶ್ತಾಗಳು, ಹೆಸರಿಲ್ಲದ ಪುಡಿಗಳು ಬೇಡವೇ ಬೇಡ. ಯಕೃತ್ತು, ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ಮಾಜೂನುಗಳಲ್ಲಿ ಸಕ್ಕರೆ ಅಥವಾ ಜೇನು ಇರುವುದರಿಂದ ಸಕ್ಕರೆ ಕಾಯಿಲೆಯವರು ಎಚ್ಚರ ವಹಿಸಬೇಕು. ಹಸಿವು, ನಿದ್ದೆ, ಮಲಬದ್ಧತೆ, ಮನಸ್ಸಿನ ದುಗುಡ ಇವುಗಳಿಗೆ ನಮ್ಮಲ್ಲಿ ಸೌಮ್ಯವಾದ ಉಪಾಯಗಳಿವೆ. ಅವನ್ನೂ ಕ್ಯಾನ್ಸರ್ ವೈದ್ಯರಿಗೆ ತಿಳಿಸಿಯೇ ಬಳಸಬೇಕು. "ಆಸ್ಪತ್ರೆ ಬಿಟ್ಟು ಬನ್ನಿ, ನಾನು ಗುಣ ಮಾಡುತ್ತೇನೆ" ಎನ್ನುವವರು ಯಾವ ಪದ್ಧತಿಯವರಾಗಿದ್ದರೂ ಅವರಿಂದ ದೂರವಿರಿ.

ಮನೆಯಲ್ಲಿ ಏನು ಮಾಡಬೇಕು

1. ರೋಗಿಗೆ ಊಟ ಕೊಡಿ. ಜೋಳದ ರೊಟ್ಟಿ, ಅನ್ನ ಬಿಡಿಸಬೇಡಿ. ಬಾಯಿ ಹುಣ್ಣಾಗಿದ್ದರೆ ಖಾರವಿಲ್ಲದ ಗಂಜಿ, ಕಿಚಡಿ, ನೆನೆಸಿ ಮೆದುಮಾಡಿದ ರೊಟ್ಟಿ ಕೊಡಿ. ಒಂದೇ ಸಲ ಹೆಚ್ಚು ತಿನ್ನಲಾಗದಿದ್ದರೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ.

2. ಪ್ರೋಟೀನು ಮುಖ್ಯ. 50 ಕೆಜಿ ತೂಕದವರಿಗೆ ದಿನಕ್ಕೆ ಕನಿಷ್ಠ 50 ಗ್ರಾಂ, ಸಾಧ್ಯವಾದರೆ 75 ಗ್ರಾಂವರೆಗೆ ಬೇಕು. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ. ನಮ್ಮ ಎರೆಭೂಮಿಯ ಕಡಲೆ, ಹೆಸರು, ಜೊತೆಗೆ ತೊಗರಿ, ಹಾಲು, ಮೊಸರು, ಬೇಯಿಸಿದ ಮೀನು, ಕೋಳಿ ಎಲ್ಲವೂ ಒಳ್ಳೆಯವೇ. ಮೂತ್ರಪಿಂಡದ ತೊಂದರೆ ಇದ್ದವರು ಪ್ರಮಾಣವನ್ನು ವೈದ್ಯರಿಂದ ತಿಳಿಯಬೇಕು.

3. ಕೆರೆಯ ನೀರಾಗಲಿ ನಳದ ನೀರಾಗಲಿ ಕುದಿಸಿ ಆರಿಸಿಯೇ ಕೊಡಿ. ಹಾಲನ್ನು ಹಸಿಯಾಗಿ ಕೊಡಬೇಡಿ.

4. ಕಿಮೊ ಪಡೆಯುತ್ತಿರುವವರಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ.

5. ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತ ಕಾಣುವುದು, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ತೋರಿಸಿ. ನಾಚಿಕೆಯಿಂದ ಹೆಣ್ಣುಮಕ್ಕಳು ಮುಚ್ಚಿಡುವ ಗಂಟು ಮುಂದೆ ಇಡೀ ಮನೆಯನ್ನು ಅಳಿಸುತ್ತದೆ.

6. ತಂಬಾಕು, ಗುಟ್ಕಾ, ಅಡಿಕೆ, ಬೀಡಿ, ಹಲ್ಲಿಗೆ ಹಚ್ಚುವ ಮಿಸ್ರಿ ಬಿಡಿ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದ್ದರೂ ಪಾನ್ ಮಸಾಲಾ ಮತ್ತು ತಂಬಾಕಿನ ಎರಡು ಚೀಟಿ ಬೆರೆಸಿ ತಿನ್ನುವ ಚಟ ನಿಂತಿಲ್ಲ. ಹೊಸ ಔಷಧಗಳೆಲ್ಲ ಸೇರಿ ಉಳಿಸುವ ಜೀವಗಳಿಗಿಂತ ಇದೊಂದು ಚಟ ಬಿಟ್ಟರೆ ನಮ್ಮ ಕಡೆ ಉಳಿಯುವ ಜೀವಗಳು ಹೆಚ್ಚು.

ಈ ತಾಲೂಕುಗಳವರಿಗೆ ಹತ್ತಿರದಲ್ಲೇ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಮತ್ತು ನವನಗರದ ಕ್ಯಾನ್ಸರ್ ಆಸ್ಪತ್ರೆ ಇವೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್, ಹಳೆಯ ರಿಪೋರ್ಟುಗಳನ್ನೆಲ್ಲ ಜೊತೆಗಿಟ್ಟುಕೊಳ್ಳಿ. ಹೊಲ, ಬಂಗಾರ ಮಾರುವ ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ.

ರೋಗಕೋಶದ ಶಕ್ತಿಮೂಲವನ್ನು ಹುಡುಕುವ ಕೆಲಸ ಮುಂದುವರಿದಿದೆ. ನಾಳೆ ಇನ್ನೂ ಒಳ್ಳೆಯ ಔಷಧಗಳು ಬರಬಹುದು. ಅವು ಬಂದಾಗ ಅವುಗಳ ಫಲ ಪಡೆಯಲು ರೋಗಿಯ ಮೈಯಲ್ಲಿ ಶಕ್ತಿ ಉಳಿದಿರಬೇಕು. ಅದಕ್ಕಾಗಿ ಇಂದು ಸಂಜೆ ಅವರ ತಟ್ಟೆಯಲ್ಲಿ ರೊಟ್ಟಿ, ಬೇಳೆ, ಒಂದು ಮೊಟ್ಟೆ ಇರಲಿ. ಪಕ್ಕದಲ್ಲಿ ಕೂತು ತಿನ್ನಿಸಿ. ಮುಂದಿನ ಕಿಮೊ ತಾರೀಖನ್ನು ತಪ್ಪಿಸಬೇಡಿ. ಶಿಫಾ ಕೊಡುವವನು ಅಲ್ಲಾಹನು, ಚಿಕಿತ್ಸೆ ಮಾಡಿಸುವ ಹೊಣೆ ನಮ್ಮದು.